ಯುವರಾಜನ ತಾಯಿ

ಚೀನಾದ ಆ ಮಹಾರಾಣಿಗೆ ಮಕ್ಕಳಿರಲಿಲ್ಲ. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವ ದಾಸಿಯೊಬ್ಬಳನ್ನು ಸಾಮ್ರಾಟ ಒಮ್ಮೆ ಕರೆಸಿಕೊಂಡು ಮರೆತುಬಿಟ್ಟಿದ್ದ. ಅವಳು ಬಸುರಾದದ್ದು ತಿಳಿದ ದಿನವೇ ಮಹಾರಾಣಿ ಹೊಟ್ಟೆಗೆ ದಿಂಬು ಕಟ್ಟಿಕೊಂಡಳು. ಹುಟ್ಟಿದ ಗಂಡುಮಗುವನ್ನು ತಾನೇ ಹೆತ್ತೆನೆಂದು ವಂಶದ ದಾಖಲೆಯಲ್ಲಿ ಬರೆಸಿ, ದಾಸಿಯನ್ನು ಕೂಸಿನ ದಾದಿಯಾಗಿ ಇಟ್ಟುಕೊಂಡಳು.

ಆರು ವರ್ಷಗಳ ನಂತರ, ಹಾಸಿಗೆ ಹಿಡಿದ ಸಾಮ್ರಾಟ ಮಗನನ್ನು ಯುವರಾಜನೆಂದು ಸಾರಿದ. ಜೊತೆಗೇ ಇನ್ನೊಂದು ಆಜ್ಞೆ ಹೊರಡಿಸಿದ: ಎಳೆಯ ಅರಸನ ತಾಯಿ ಬದುಕಿದ್ದರೆ ಅವಳ ಅಣ್ಣತಮ್ಮಂದಿರು ರಾಜ್ಯ ನುಂಗುತ್ತಾರೆ, ಆದ್ದರಿಂದ ಹೆತ್ತವಳು ವಿಷ ಕುಡಿಯತಕ್ಕದ್ದು.

ಮಂತ್ರಿ ಬಟ್ಟಲನ್ನು ತಂದು ಮಹಾರಾಣಿಯ ಮುಂದಿಟ್ಟ.

"ಅವನನ್ನು ಹೆತ್ತವಳು ನಾನಲ್ಲ," ಎಂದಳು ಮಹಾರಾಣಿ.

"ದಾಖಲೆಯಲ್ಲಿ ತಮ್ಮ ಹೆಸರಿದೆ, ತಾಯಿ."

"ಹೆತ್ತದ್ದು ಈ ದಾದಿ. ಬೇಕಾದರೆ ಅವಳನ್ನೇ ಕೇಳಿ."

ದಾದಿ ಮೂಲೆಯಲ್ಲಿ ಕೂತು ಹುಡುಗನ ತಲೆ ಬಾಚುತ್ತಿದ್ದಳು.

"ನಿಜವೇನಮ್ಮ?" ಎಂದು ಮಂತ್ರಿ ಕೇಳಿದ.

"ಮಹಾರಾಣಿಯವರೇ ಹೆತ್ತದ್ದು, ಸ್ವಾಮಿ," ಎಂದಳು ದಾದಿ, ಬಾಚಣಿಗೆ ನಿಲ್ಲಿಸದೆ. "ಮೂರು ದಿನ ಬೇನೆ ತಿಂದರು. ನಾನು ಪಕ್ಕದಲ್ಲೇ ಇದ್ದೆ."