ಕಂದು ಕಡಿಮೆ ಇದ್ದ ಮೂಲೆ

ಸ್ಲೈಡು ಎಂದಿನಂತೆ ಟ್ರೇಯಲ್ಲಿ ಬರಲಿಲ್ಲ. ಮಾವನ ಅಂಗಿಯ ಜೇಬಿನಲ್ಲಿ ಬಂತು. ಸೊಸೆಗೆ ಅನುಮಾನ ಗಟ್ಟಿಯಾದದ್ದೇ ಆಗ.

ಮನೆಯಲ್ಲಿ ಮಾವ, ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ಮುಖ್ಯಸ್ಥರು. ಬೆಳಗ್ಗೆ ತಿಂಡಿಗೆ ಉಪ್ಪು ಸಾಲದು ಎಂದು ಗೊಣಗಿ, ಲ್ಯಾಬಿಗೆ ಬಂದ ಮೇಲೆ ಅವಳ ವರದಿಗಳಲ್ಲಿ ಹುಳುಕು ಹುಡುಕುವುದು ಅವರ ದಿನಚರಿ. ಈ ವಾರ ಎರಡೂ ನಿಂತಿದ್ದವು. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಬಿಡುವಾದಾಗಲೆಲ್ಲ ಮೇಲಿನ ಮಹಡಿಗೆ, ಕ್ಯಾನ್ಸರ್ ಡಾಕ್ಟರ ಬಳಿಗೆ ಹೋಗಿಬರುತ್ತಿದ್ದರು. ಲ್ಯಾಬಿನವರಿಗೆ ಮೇಲೇನು ಕೆಲಸ? ರೋಗಿಯ ಮುಖ ನೋಡದೆ ರೋಗ ನೋಡುವವರು ಅವರು. ಅವಳಂತೂ ಆ ಮೆಟ್ಟಿಲು ಹತ್ತಿ ವರ್ಷವಾಗಿತ್ತು. ಯಾಕೆ ಹೋಗ್ತೀರಿ ಎಂದು ಕೇಳಿದರೆ ಮಾವ ಮಾತು ಹಾರಿಸುತ್ತಿದ್ದರು.

“ಇದನ್ನ ನೀನೇ ಎಣಿಸು,” ಎಂದರು ಮಾವ. “ಯಾರದು ಅಂತ ನಂಗೆ ಗೊತ್ತು. ಗೊತ್ತಿರೋನು ನೋಡಬಾರದು.”

ಅದು ಅವರೇ ಮಾಡಿದ ನಿಯಮ. ಸ್ಲೈಡಿನ ಮೇಲೆ ಹೆಸರು ಇರಕೂಡದು, ಬರೀ ಸಂಖ್ಯೆ. ಕಣ್ಣಿನ ಕೆಲಸಕ್ಕೆ ಮನಸ್ಸು ಮೂಗು ತೂರಿಸಬಾರದು. ಎಣಿಸಬಲ್ಲ ಇನ್ನೊಬ್ಬ ಡಾಕ್ಟರು ಬಾಣಂತನದ ರಜೆಯಲ್ಲಿದ್ದರು. ಉಳಿದವಳು ಸೊಸೆ ಒಬ್ಬಳೇ. ಮಾವ ಬಾಗಿಲಿಗೆ ಚಿಲಕ ಹಾಕಿ, ಅವಳ ಬೆನ್ನ ಹಿಂದೆ ಸ್ಟೂಲ್ ಎಳೆದುಕೊಂಡು ಕೂತರು.

ಅವಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಕರುಳಿನ ಗಡ್ಡೆಯ ತುಣುಕು. ಜೀವಕೋಶವೊಂದು ಎರಡಾಗಲು ಹೊರಟಾಗ ಮಾತ್ರ ಅದರೊಳಗೆ ಒಂದು ಪ್ರೋಟೀನು ಕಾಣಿಸಿಕೊಳ್ಳುತ್ತದೆ; ಬಣ್ಣ ಹಾಕಿದರೆ ಅಂಥ ಕೋಶ ಕಂದಾಗುತ್ತದೆ, ಸುಮ್ಮನಿರುವ ಕೋಶ ನೀಲಿಯಾಗಿಯೇ ಉಳಿಯುತ್ತದೆ. ನೂರರಲ್ಲಿ ಒಂದೆರಡು ಕಂದಾದರೆ ಗಡ್ಡೆ ಸೋಮಾರಿ. ಕತ್ತರಿಸಿ ತೆಗೆದು ಕಣ್ಣಿಟ್ಟಿದ್ದರೆ ಸಾಕು. ಇಪ್ಪತ್ತು ದಾಟಿತೋ, ಅದು ಓಡುತ್ತಿದೆ ಎಂದರ್ಥ. ಬಲವಾದ ಔಷಧ ತಡಮಾಡದೆ ಶುರುವಾಗದಿದ್ದರೆ ರೋಗಿಯ ಆಸೆ ಬಿಡಬೇಕು. ಎಣಿಸಬೇಕಾದದ್ದು ಕಂದು ಅತಿ ಹೆಚ್ಚು ಗುಂಪುಗೂಡಿರುವ ಜಾಗದಲ್ಲಿ. ಈ ಕಸುಬಿನ ಮೊದಲ ಪಾಠ ಅದು. ಅವಳಿಗೆ ಅದನ್ನು ಕಲಿಸಿದವರೂ ಮಾವನೇ.

ಆ ಜಾಗವನ್ನು ಹುಡುಕುವ ಕಷ್ಟವೇ ಇರಲಿಲ್ಲ. ಕಣ್ಣಿಟ್ಟ ಕೂಡಲೇ ಸಿಕ್ಕಿತು. ಎಣಿಸಿದಳು. ನಂಬಿಕೆ ಬರದೆ ಮತ್ತೆ ಎಣಿಸಿದಳು. ನೂರಕ್ಕೆ ನಲವತ್ತು. ಇದು ಮಾವನದೇ ಗಡ್ಡೆ ಎಂದುಕೊಂಡಳು.

ಮಾವನ ಹೃದಯ ಈಗಾಗಲೇ ಎರಡು ಸಲ ಕೈಕೊಟ್ಟಿತ್ತು. ಆ ಔಷಧ ತಡೆಯುವ ದೇಹವಲ್ಲ ಅದು. ರೋಗಕ್ಕಿಂತ ಮೊದಲು ಔಷಧವೇ ಮುಗಿಸುತ್ತದೆ. ತನಗೇನಾದರೂ ಬಂದರೆ ಕಮ್ಮಿ ಬರೆದು ಮನೆಗೆ ಕಳಿಸಿಬಿಡಿ ಎಂದು ಅವರು ಊಟದ ಮೇಜಿನಲ್ಲಿ ಎಷ್ಟೋ ಸಲ ತಮಾಷೆ ಮಾಡಿದ್ದರು. ಈಗ ನಲವತ್ತು ಎಂದರೆ ನಿಜ ಹೇಳಿ ಅವರನ್ನು ಕೊಂದಂತೆ. ಕಮ್ಮಿ ಹೇಳಿದರೆ ಅವರೇ ಕಲಿಸಿದ ವಿದ್ಯೆಗೆ ದ್ರೋಹ. ಎದ್ದು ಹೋಗೋಣವೆಂದರೆ ಹಿಂದೆ ಅವರು ಕೂತಿದ್ದಾರೆ, ಅವರ ಹಿಂದೆ ಚಿಲಕ. ಅವರ ಉಸಿರು ಅವಳ ಕುತ್ತಿಗೆಗೆ ತಾಕುತ್ತಿತ್ತು.

ಗಂಡನಾದರೂ ಊರಲ್ಲಿದ್ದಿದ್ದರೆ ಅರ್ಧ ಭಾರ ಅವನ ಹೆಗಲಿಗೆ ದಾಟಿಸಬಹುದಿತ್ತು. ಕೆಲಸದ ಮೇಲೆ ಹೋದವನು ಫೋನಿನಲ್ಲೂ ಮಾತು ಮೊಟಕು ಮಾಡುತ್ತಿದ್ದ. ನಿನ್ನೆ ಹೇಳಿದ್ದೂ ಇಷ್ಟೇ: “ಅಪ್ಪನ್ನ ನೋಡ್ಕೋ. ತುಂಬ ಸೋತು ಹೋಗಿದ್ದಾರೆ.” ಅಂದರೆ ಅವನಿಗೂ ಗೊತ್ತು. ಅಪ್ಪ ಮಗ ಸೇರಿ ತನ್ನೊಬ್ಬಳಿಂದ ಮುಚ್ಚಿಟ್ಟಿದ್ದಾರೆ. ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

“ಯಾಕಮ್ಮಾ ಇಷ್ಟೊತ್ತು?”

“ಕಣ್ಣು ಮಂಜಾಗ್ತಿದೆ.”

“ನಿಧಾನಕ್ಕೆ ನೋಡು. ನೀನು ಹೇಳಿದ್ದೇ ಕೊನೆ ಮಾತು.”

ಅವಳ ಬೆರಳು ತಿರುಪಿನ ಮೇಲೆ ಹೋಯಿತು. ಸ್ಲೈಡು ಮೆಲ್ಲಗೆ ಜರುಗಿತು, ಕಂದು ಗುಂಪು ಕಣ್ಣಿನಿಂದ ಮರೆಯಾಯಿತು. ಅಂಚಿನಲ್ಲೊಂದು ಮೂಲೆ ಸಿಕ್ಕಿತು. ಅಲ್ಲಿ ತುಂಬ ನೀಲಿ, ಅಲ್ಲೊಂದು ಇಲ್ಲೊಂದು ಕಂದು. ಅಲ್ಲಿ ಕೂತು ಒಂದನ್ನೂ ಬಿಡದೆ ಎಣಿಸಿದಳು. ಎಣಿಕೆ ಸುಳ್ಳಲ್ಲ, ಜಾಗ ಸುಳ್ಳು. ಇದ್ದಷ್ಟು ದಿನ ಮನೆಯವರ ನಡುವೆ ಗೊಣಗಿಕೊಂಡು ಇರಲಿ ಎಂದುಕೊಂಡಳು.

“ಎರಡು,” ಎಂದಳು. “ನೂರಕ್ಕೆ ಎರಡು.”

ಮಾವ ಸ್ಟೂಲನ್ನು ಮುಂದಕ್ಕೆ ಎಳೆದರು. “ಗುಂಪಿರೋ ಕಡೆ ನೋಡಿದ್ಯಾ?”

“ನೋಡ್ದೆ.”

ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಲ್ಯಾಬಿನವರೆಲ್ಲ ಹೆದರುತ್ತಿದ್ದ ಆ ಮನುಷ್ಯ ಸಣ್ಣ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಮೇಲಿನ ಡಾಕ್ಟರಿಗೆ ಫೋನ್ ಮಾಡಿದರು. ಎರಡೇ ಬಂದಿದೆ, ಸಂಜೆ ಶುರುವಾಗಬೇಕಿದ್ದ ಔಷಧ ನಿಲ್ಲಿಸಿಬಿಡಿ ಎಂದರು. ಸುಳ್ಳಾದರೂ ಒಂದು ಜೀವಕ್ಕೆ ನೆಮ್ಮದಿ ಕೊಟ್ಟಿತಲ್ಲ ಎಂದು ಸೊಸೆಯ ಉಸಿರು ಹಗುರಾಯಿತು. ಮಾವ ಹತ್ತಿರ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

“ನೀನು ಹೆದರ್ತೀಯ ಅಂತ ಅವನೇ ನನ್ನ ಬಾಯಿ ಕಟ್ಟಿದ್ದ. ಅವನು ಯಾವ ಊರಿಗೂ ಹೋಗಿಲ್ಲಮ್ಮಾ, ಮೇಲೆ ವಾರ್ಡಲ್ಲಿ ಮಲಗಿದ್ದಾನೆ. ಎರಡೇ ಅಂತ ನಿನ್ನ ಗಂಡನಿಗೆ ನೀನೇ ಹೋಗಿ ಹೇಳು.”