ಖಾಲಿ ಕ್ಯಾನು

ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊಸಿಲು ದಾಟಿದ ಸೊಸೆ ಚಲುವಮ್ಮನನ್ನು ದ್ಯಾವಮ್ಮ ಜಗುಲಿಯಲ್ಲೇ ತಡೆದಳು.

“ಎತ್ತಗಮ್ಮಿ ಹೊಂಟೆ?”

“ಕೆರೆ ಏರಿ ಮ್ಯಾಕೆ ಕಣತ್ತೆ. ಡಾಕ್ಟ್ರು ದಿನಾ ನಡೀಬೇಕು ಅಂದವ್ರಲ್ಲ.”

“ಬರೀ ಕೈಲಾ?”

ಚಲುವಮ್ಮನಿಗೆ ಮೂರು ವರ್ಷದಿಂದ ಹಾಸಿಗೆ ಬಿಟ್ಟು ಏಳುವಾಗಲೇ ಒನಕೆಯಲ್ಲಿ ಕುಟ್ಟಿದ ಹಾಗೆ ಮೈಯೆಲ್ಲ ನೋವು. ಮುದ್ದೆ ತೊಳಸಲು ತೋಳು ಏಳುತ್ತಿರಲಿಲ್ಲ. ಎಕ್ಸ್‌ರೇ, ರಕ್ತಪರೀಕ್ಷೆ ಎರಡರಲ್ಲೂ ಏನೂ ಇಲ್ಲವೆಂದು ಬಂದ ಮೇಲಂತೂ ದ್ಯಾವಮ್ಮ ‘ಮೈಗಳ್ಳಿ’ ಎಂದು ತೊಣ್ಣೂರಿಗೆಲ್ಲ ಸಾರಿದ್ದಳು.

ನಿನ್ನೆ ಮೈಸೂರಿನ ಡಾಕ್ಟರು ಕತ್ತು, ಭುಜ, ಮೊಣಕೈ, ಮಂಡಿ ಎಂದು ಹೆಬ್ಬೆರಳಿನಿಂದ ಒತ್ತುತ್ತಾ ಹೋದರು. ಒತ್ತಿದಲ್ಲೆಲ್ಲ ಚಲುವಮ್ಮ ಚೀರಿದಳು. “ಇದು ಫೈಬ್ರೊಮಯಾಲ್ಜಿಯ. ಎಕ್ಸ್‌ರೇಯಲ್ಲಿ ಕಾಣೋದಿಲ್ಲ, ಆದರೆ ನೋವು ನಿಜ. ಹೆಂಗಸರಲ್ಲೇ ಜಾಸ್ತಿ. ಮಾತ್ರೆ ತಗೊಳ್ಳಿ, ಚೆನ್ನಾಗಿ ನಿದ್ದೆ ಮಾಡಿ, ದಿನಾ ಸ್ವಲ್ಪ ಸ್ವಲ್ಪ ನಡೀರಿ. ಹತೋಟಿಗೆ ಬರುತ್ತೆ” ಎಂದರು. ತೊಂಬತ್ತರ ದಶಕದ ಆ ದಿನಗಳಲ್ಲಿ ಆ ಹೆಸರು ಹೇಳುವ ಡಾಕ್ಟರು ಸಿಕ್ಕಿದ್ದೇ ಪುಣ್ಯ. ‘ನೋವು ನಿಜ’ ಎಂಬ ಮಾತಿಗೆ ಚಲುವಮ್ಮ ಅಲ್ಲೇ ಅತ್ತುಬಿಟ್ಟಿದ್ದಳು. ಜೊತೆಗಿದ್ದ ದ್ಯಾವಮ್ಮ ಮಾತ್ರ ಬಸ್ಸಿನಲ್ಲಿ ಊರು ಬರುವವರೆಗೂ ತುಟಿ ಬಿಚ್ಚಿರಲಿಲ್ಲ.

ಮಾತ್ರೆ ನುಂಗುವುದು ಸುಲಭ, ನಡೆಯುವುದೇ ಕಷ್ಟ. ಹುಲ್ಲೋ ನೀರೋ ಹಾಲೋ ಏನಾದರೊಂದು ಹೊರದೆ ಹೆಂಗಸು ಬೀದಿಯಲ್ಲಿ ನಡೆದದ್ದನ್ನು ಆ ಊರು ಕಂಡಿರಲಿಲ್ಲ. ಕೈಬೀಸಿಕೊಂಡು ಹೋದರೆ ಆಡಿಕೊಳ್ಳದೆ ಬಿಟ್ಟಾರೆಯೇ?

ದ್ಯಾವಮ್ಮ ಸರಕ್ಕನೆ ಒಳಗೆ ಹೋದಳು. ಚಲುವಮ್ಮ ಸಪ್ಪೆ ಮೋರೆ ಹಾಕಿಕೊಂಡು ಚಪ್ಪಲಿ ಬಿಡತೊಡಗಿದಳು. ಅಷ್ಟರಲ್ಲಿ ಅತ್ತೆ ಹಾಲಿನ ಕ್ಯಾನು ತಂದು ಅವಳ ಕೈಗೆ ತುರುಕಿದಳು.

“ಇಡ್ಕೊ. ಯಾರಾರ ಕೇಳುದ್ರೆ ಡೈರಿಗೆ ಅನ್ನು.”

“ಖಾಲಿ ಐತಲ್ಲತ್ತೆ?”

“ತುಂಬುದ್ರೆ ನಿನ್ ರಟ್ಟೆ ತಡೀತದಾ?”

ಬೈಗುಳದ ಧಾಟಿಯೇ. ಆದರೂ ಅತ್ತೆಯ ಬಾಯಲ್ಲಿ ತನ್ನ ನೋವನ್ನು ಒಪ್ಪುವ ಮಾತು ಕೇಳಿದ್ದು ಅದೇ ಮೊದಲು. ಚಲುವಮ್ಮನಿಗೆ ನೋವಿನಲ್ಲೂ ನಗು ಬಂತು.

ಏರಿ ಹತ್ತಿ ಹತ್ತು ಹೆಜ್ಜೆ ಇಟ್ಟಿರಬೇಕು, ಹಿಂದಿನಿಂದ “ನಿಂತ್ಕಮ್ಮೀ” ಎಂಬ ಕೂಗು ಕೇಳಿತು. ದ್ಯಾವಮ್ಮ ಏದುಸಿರು ಬಿಡುತ್ತಾ ಬರುತ್ತಿದ್ದಳು. ಅವಳ ಕಂಕುಳಲ್ಲೂ ಒಂದು ಖಾಲಿ ಬುಟ್ಟಿ.

“ಆ ಡಾಕ್ಟ್ರು ಒತ್ತಿದ ಜಾಗ್ದಲ್ಲೆಲ್ಲ ನಂಗೂ ನೋಯ್ತದೆ ಕಣಮ್ಮಿ, ಮದ್ವೆ ಆದಾಗಿಂದ” ಎಂದಳು, ನೀರಿನ ಕಡೆ ನೋಡುತ್ತಾ. “ನಮ್ಮತ್ತೆ ನನ್ನೂ ಮೈಗಳ್ಳಿ ಅಂತಿದ್ಲು.”