ಬೆಕ್ಕಿನ ಮೀಸೆ

ಡಬ್ಬಿಯ ಒಳಗೆ ಕೈ ಹಾಕಿ ಎಷ್ಟು ತಿಕ್ಕಿದರೂ ಸರಿ, ಹೊರಗೆ ಅಂಟಿಸಿದ ಕಾಗದಕ್ಕೆ ಒಂದು ಹನಿ ನೀರೂ ತಾಗಬಾರದು. ಈ ಕೆಲಸದ ಕಷ್ಟವೇ ಅದು. ತಾಯಿ ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಮಕ್ಕಳ ಹಾಲಿನ ಪುಡಿಯ ಖಾಲಿ ಡಬ್ಬಿಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು, ಸೋಡಾ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒಳಗನ್ನು ಉಜ್ಜುತ್ತಿದ್ದಳು. ಪಕ್ಕದಲ್ಲಿ ಏಳು ವರ್ಷದ ಮಗಳು ಗುಬ್ಬಿ. ಅವಳದು ಒರೆಸುವ ಕೆಲಸ. ಒರೆಸಿದ ಪ್ರತಿ ಡಬ್ಬಿಯ ತಳದಲ್ಲೂ ಪಿನ್ನಿನಿಂದ ಆರು ಗೀರು ಎಳೆಯುತ್ತಿದ್ದಳು, ಆ ಕಡೆ ಮೂರು, ಈ ಕಡೆ ಮೂರು. ಬೆಕ್ಕಿನ ಮೀಸೆ. ಹಿಂದೊಮ್ಮೆ, ತೊಳೆದ ಡಬ್ಬಿ ಒಯ್ಯುವ ಸ್ಕೂಟರಿನವನು ಮುಗ್ಗಲು ವಾಸನೆಯ ಡಬ್ಬಿಯೊಂದನ್ನು ವಾಪಸು ತಂದಾಗ, ಅದನ್ನು ತೊಳೆದವರು ನೀವೋ ನಾವೋ ಎಂದು ಪಕ್ಕದ ಮನೆಯವಳ ಜೊತೆ ದೊಡ್ಡ ಜಗಳವಾಗಿತ್ತು. ಅವಳೂ ಇದೇ ಕೆಲಸ ಮಾಡುವವಳು. ಅಂದಿನಿಂದ ಇವರ ಡಬ್ಬಿಗೆ ಮೀಸೆ ಬಂತು.

"ಅಮ್ಮಾ, ಸ್ಕೂಟರ್ ಮಾಮ ಇದರಲ್ಲಿ ಮೊಳೆ ತುಂಬ್ತಾರೆ ಅಂದಿದ್ಯಲ್ಲ?"

"ಹೂಂ."

"ಮತ್ತೆ ಒಳಗಿರೋ ಚಮಚ ಕಳೀಬೇಡಿ, ಚಮಚ ಕಳೀಬೇಡಿ ಅಂತಾರಲ್ಲ? ಮೊಳೆನ ಯಾರಾದ್ರೂ ಚಮಚದಲ್ಲಿ ತಿಂತಾರಾ?"

ತಾಯಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು. "ಬಾಯಿಗಿಂತ ಕೈ ಜೋರಾಗಿ ಓಡ್ಲಿ, ಚಿನ್ನ. ಅವರು ಬರೋ ಹೊತ್ತಾಯ್ತು."

ಅಷ್ಟರಲ್ಲಿ ಒಳಗಿನಿಂದ ಮಗು ಅತ್ತಿತು. ಹಸಿವಿನ ಅಳುವಲ್ಲ, ಎಳೆದೆಳೆದು ಸೋತ ದನಿ. ತಾಯಿ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಿದಳು. ನಾಲ್ಕು ತಿಂಗಳ ಮಗ ಮತ್ತೆ ಕಕ್ಕಿಕೊಂಡಿದ್ದ. ಕುತ್ತಿಗೆಯ ಮಡಿಕೆಯಲ್ಲಿ, ಕಿವಿಯ ಹಿಂದೆ, ದಿಂಬಿನ ಮೇಲೆ ಎಲ್ಲ ನೀರುನೀರಾದ ಬಿಳಿ. ಅವಳು ಸೆರಗಿನಿಂದಲೇ ಒರೆಸಿ, ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟತೊಡಗಿದಳು. ಅಳು ಕೇಳಿ ಪಕ್ಕದ ಮನೆಯವಳೂ ಬಂದಳು.

"ಮತ್ತೆ ಕಕ್ಕಿದ್ನಾ?"

"ಮೂರು ದಿನ ಆಯ್ತಕ್ಕಾ. ಕುಡಿದಿದ್ದು ಒಂದು ಗುಟುಕೂ ಒಳಗೆ ನಿಲ್ತಿಲ್ಲ. ಹೊಸ ಡಬ್ಬಿ ಒಡೆದಾಗಿಂದ ಹೀಗೇ."

"ಎಲ್ಲಿಂದ ತಂದೆ? ಮೂಲೆ ಅಂಗಡಿಯಿಂದ ಅಲ್ಲ ತಾನೇ?"

"ನನಗೇನು ತಲೆ ಕೆಟ್ಟಿದ್ಯಾ? ಎರಡು ಬಸ್ ಹತ್ತಿ, ಆ ಗಾಜಿನ ಬಾಗಿಲಿನ ಔಷಧಿ ಅಂಗಡಿಗೆ ಹೋಗಿ ತಂದಿದ್ದೀನಿ. ರಸೀದಿ ಬೇರೆ ಕೇಳಿ ಇಸ್ಕೊಂಡೆ."

ಮೂಲೆ ಅಂಗಡಿಯಲ್ಲಿ ಅದೇ ಡಬ್ಬಿ ಅರ್ಧ ಬೆಲೆಗೆ, ರಸೀದಿಯಿಲ್ಲದೆ ಸಿಗುತ್ತಿತ್ತು. ಯಾಕೆ ಅಷ್ಟು ಅಗ್ಗವೆಂದು ಇಬ್ಬರಿಗೂ ಗೊತ್ತಿತ್ತು. ಒಬ್ಬರಿಗೊಬ್ಬರು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ತಮ್ಮ ಕೈಯಿಂದ ಹೋದದ್ದು ಅಂಥ ಅಂಗಡಿಗಳಿಗೆ, ಎಲ್ಲೋ ದೂರದ ಕೇರಿಗಳಿಗೆ ಹೋಗುತ್ತದೆ ಎಂದುಕೊಂಡಿದ್ದರು. ತನ್ನ ಹಾಲು ಮಗುವಿಗೆ ಸಾಲದೆ ಹೋದಾಗ ತಾಯಿ, ಡಬ್ಬಿ ತೊಳೆದು ಕೂಡಿಟ್ಟ ದುಡ್ಡನ್ನೆಲ್ಲ ಹಿಡಿದುಕೊಂಡು ದೊಡ್ಡ ಅಂಗಡಿಗೆ ಹೋಗಿದ್ದು ಅದಕ್ಕೇ. ಮುಚ್ಚಳದ ಕೆಳಗಿನ ಬೆಳ್ಳಿ ಹಾಳೆಯನ್ನು ಅವಳೇ ತನ್ನ ಉಗುರಿನಿಂದ ಹರಿದಿದ್ದಳು.

"ಇನ್ನು ಕಾಯೋದು ಬೇಡ, ಆಸ್ಪತ್ರೆಗೆ ಹೋಗೋಣ," ಎಂದಳು ಪಕ್ಕದ ಮನೆಯವಳು. "ಡಬ್ಬಿನೂ ತಗೋ, ಡಾಕ್ಟ್ರು ಕೇಳ್ತಾರೆ. ಗುಬ್ಬಿ, ತಾರೀಕು ಮುಗಿದಿದ್ಯೇನೋ ನೋಡೇ. ತಳದಲ್ಲಿ ಇರತ್ತೆ."

ಗುಬ್ಬಿಗೆ ಓದುವುದೆಂದರೆ ಖುಷಿ. ಗೂಡಿನಿಂದ ಡಬ್ಬಿ ಇಳಿಸಿ, ಮುಚ್ಚಳ ಒತ್ತಿ ಹಿಡಿದು ಬೋರಲು ಮಾಡಿದಳು. "ಮುಗಿದಿಲ್ಲ ಅತ್ತೆ, ಮುಂದಿನ ವರ್ಷದ್ದು ಇದೆ. ಹತ್ತನೇ ತಿಂಗಳು, ಎರಡು ಸಾವಿರದ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಹೆಬ್ಬೆರಳಿನಿಂದ ತಳವನ್ನು ಒಮ್ಮೆ ಸವರಿದಳು. ಇನ್ನೊಮ್ಮೆ ಸವರಿದಳು.

"ಏನೇ ಅದು? ಕೊಡಿಲ್ಲಿ."

ತಾಯಿ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೊಸ ತಾರೀಕು ನೀಲಿ ಮಸಿಯಲ್ಲಿ ಸ್ಪಷ್ಟವಾಗಿತ್ತು. ಅದರ ಅಡಿಯಲ್ಲಿ ಆರು ಗೀರು, ಆ ಕಡೆ ಮೂರು, ಈ ಕಡೆ ಮೂರು. ಒಂದು ಮೀಸೆಯ ಮೇಲೇ ತಾರೀಕು ಒತ್ತಿದ್ದರು.

ಪಕ್ಕದ ಮನೆಯವಳೂ ಬಗ್ಗಿ ನೋಡಿದಳು. ನೋಡಿದವಳು ಕಣ್ಣನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. "ನಾನು... ನಾನು ಗಾಡಿ ಕರ್ಕೊಂಡು ಬರ್ತೀನಿ," ಎಂದು ಚಪ್ಪಲಿ ಮೆಟ್ಟಿಕೊಳ್ಳದೆಯೇ ಹೊರಟುಹೋದಳು.

ಬೀದಿಯಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ಎರಡು ಸಲ ಹಾರ್ನ್. "ಅಕ್ಕಾ, ಡಬ್ಬಿ ರೆಡಿನಾ? ಈ ಸಲ ಇನ್ನೆರಡು ಮೂಟೆ ಜಾಸ್ತಿ ತಂದಿದ್ದೀನಿ!"

"ಬಂದೆ, ಒಂದು ನಿಮಿಷ," ಎಂದಿತು ತಾಯಿಯ ಬಾಯಿ, ದಿನವೂ ಹೇಳಿ ಅಭ್ಯಾಸವಾದದ್ದು. ಹೇಳಿದ ಮೇಲೆ ಅವಳು ತುಟಿ ಕಚ್ಚಿಕೊಂಡಳು. ಹೆಗಲ ಮೇಲಿನ ಮಗು ಬಿಸಿಯಾಗಿತ್ತು, ಹಗುರವಾಗಿತ್ತು.

ಗುಬ್ಬಿ ಬಚ್ಚಲ ಬಾಗಿಲಿನ ಕಡೆ ನೋಡಿದಳು. ಆಗ ತಾನೇ ಒರೆಸಿಟ್ಟ ಡಬ್ಬಿಗಳು ಅಲ್ಲಿ ಸಾಲಾಗಿ ಬೋರಲು ಬಿದ್ದಿದ್ದವು, ಎಲ್ಲದರ ತಳದಲ್ಲೂ ಮೀಸೆ. ಅವಳು ತಾಯಿಯ ಸೆರಗು ಹಿಡಿದು ಎಳೆದಳು.

"ಅಮ್ಮಾ, ಈ ಒಂದು ಡಬ್ಬಿ ನಮ್ಮ ಪಾಪುಗೆ ಬಂತು. ಮತ್ತೆ ಉಳಿದಿದ್ದೆಲ್ಲ ಯಾರ ಪಾಪುಗೆ ಹೋಯ್ತು?"